ಕ್ರಿಸ್‌ಮಸ್ ಕುಕೀಸ್ ಟ್ರೇ ಮೇಲೆ ದೋಸೆ ಆಗೋದು ಯಾಕೆ?

ಅಮೆರಿಕದವರೇ ಬರೆದು ಅಮೆರಿಕದಲ್ಲೇ ಅಚ್ಚು ಹಾಕಿಸಿದ ಮೊದಲ ಅಡುಗೆ ಪುಸ್ತಕ ಬಂದದ್ದು 1796ರಲ್ಲಿ. ಬರೆದವರು ಅಮೀಲಿಯಾ ಸಿಮನ್ಸ್. ಮುಖಪುಟದಲ್ಲಿ ಹೆಸರಿನ ಜೊತೆ 'ಅಮೆರಿಕದ ಒಬ್ಬ ಅನಾಥೆ' ಅಂತ ಹಾಕಿಕೊಂಡಿದ್ದಾರೆ. ಅದರಲ್ಲಿ ಕ್ರಿಸ್‌ಮಸ್ ಕುಕೀಯ ರೆಸಿಪಿ ಒಂದಿದೆ. ಮೂರು ಪೌಂಡ್ ಹಿಟ್ಟು, ಒಂದು ಪೌಂಡ್ ಬೆಣ್ಣೆ, ಒಂದೂವರೆ ಪೌಂಡ್ ಸಕ್ಕರೆ, ಮತ್ತೆ ಒಂದು ಟೀ ಕಪ್ ತುಂಬ ನುಣ್ಣಗೆ ಪುಡಿ ಮಾಡಿದ ಕೊತ್ತಂಬರಿ ಬೀಜ.

ಹೌದು, ಕೊತ್ತಂಬರಿ ಬೀಜ. ನಾವು ಸಾರಿನ ಪುಡಿಗೆ ಹುರಿಯುತ್ತೇವಲ್ಲ, ಅದೇ.

ಮುಂದಿನ ಸಾಲುಗಳು ಇನ್ನೂ ಚೆನ್ನಾಗಿವೆ. ಒಂದು ಕಪ್ ಹಾಲಿನಲ್ಲಿ ಮೂರು ಚಮಚ 'ಪರ್ಲ್ ಆಶ್' ಕರಗಿಸಬೇಕು. ಅಂದರೆ ಕಟ್ಟಿಗೆ ಬೂದಿಯಿಂದ ತೆಗೆದು ಶುದ್ಧ ಮಾಡಿದ ಕ್ಷಾರ. ಬೇಕಿಂಗ್ ಪೌಡರ್ ಹುಟ್ಟುವ ಮೊದಲು ಹಿಟ್ಟು ಉಬ್ಬಿಸಲು ಬಳಸುತ್ತಿದ್ದದ್ದು ಅದನ್ನೇ. ಎಲ್ಲ ಸೇರಿಸಿ ಚೆನ್ನಾಗಿ ನಾದಿ, ಮುಕ್ಕಾಲು ಇಂಚು ದಪ್ಪಕ್ಕೆ ಲಟ್ಟಿಸಿ, ಬೇಕಾದ ಆಕಾರಕ್ಕೆ ಕತ್ತರಿಸಿ, 'ನಿಧಾನವಾಗಿ' ಹದಿನೈದೋ ಇಪ್ಪತ್ತೋ ನಿಮಿಷ ಬೇಯಿಸಿ ಎನ್ನುತ್ತಾರೆ. ಮೊದಲಿಗೆ ಗಟ್ಟಿಯಾಗಿ ಒಣಕಲಾಗಿ ಇರುತ್ತವೆ, ಮಣ್ಣಿನ ಮಡಕೆಯಲ್ಲಿ ಹಾಕಿ ತೇವ ಇರುವ ಕೋಣೆಯಲ್ಲಿ ಇಡಿ, ಆರು ತಿಂಗಳಾದ ಮೇಲೆ ಮೆತ್ತಗಾಗಿ ರುಚಿಯಾಗುತ್ತವೆ ಅಂತ ಕೊನೆಯಲ್ಲಿ ಧೈರ್ಯ ಬೇರೆ ಹೇಳುತ್ತಾರೆ. ಅಂದರೆ ಡಿಸೆಂಬರಿನಲ್ಲಿ ತಿನ್ನಬೇಕಾದರೆ ಜೂನಿನಲ್ಲೇ ಮಾಡಿಡಬೇಕು. ಉಪ್ಪಿನಕಾಯಿ ಲೆಕ್ಕ.

ಇದರಲ್ಲಿ ಒಂದು ಮುಖ್ಯ ವಿಷಯ ಕಾಣೆಯಾಗಿದೆ, ಗಮನಿಸಿದಿರಾ? ಶಾಖ ಎಷ್ಟು ಅಂತ ಇಲ್ಲ. 'ನಿಧಾನವಾಗಿ' ಅಷ್ಟೇ. ಆಗಿನ ಓವನ್ ಅಂದರೆ ಇಟ್ಟಿಗೆ ಗೂಡು. ಒಳಗೆ ಕಟ್ಟಿಗೆ ಉರಿಸಿ, ಕೆಂಡ ಎಳೆದು ಹಾಕಿ, ಕೈ ಒಳಗಿಟ್ಟು ನೋಡುತ್ತಿದ್ದರು. ಕೈ ಎಷ್ಟು ಹೊತ್ತು ತಡೆಯುತ್ತದೆ ಅನ್ನೋದೇ ಥರ್ಮಾಮೀಟರ್. ಓದುವವಳಿಗೆ ಹದ ಗೊತ್ತಿದೆ ಅಂತಲೇ ಬರೆದವರ ನಂಬಿಕೆ. ನಮ್ಮ ಅಜ್ಜಿಯರು 'ಒಂದೆಳೆ ಪಾಕ ಬಂದಾಗ ಹಿಟ್ಟು ಹಾಕು' ಎಂದಂತೆ. ಒಂದೆಳೆ ಪಾಕ ನೋಡಿದವರಿಗೆ ಅಷ್ಟೇ ಸಾಕು. ನೋಡದವರ ಮೈಸೂರುಪಾಕ್ ಕಲ್ಲಾಗುತ್ತದೆ.

ನಾವು ಮನೆಯಲ್ಲಿ ಕ್ರಿಸ್‌ಮಸ್ ಕುಕೀಸ್ ಮಾಡಲು ಹೊರಟಾಗ ಆಗುವುದೂ ಇದೇ. ನಮ್ಮಲ್ಲಿ ಜಾಸ್ತಿ ಜನರಿಗೆ ಓವನ್ನಿನ ಹದ ಅಜ್ಜಿಯಿಂದ ಬಂದಿಲ್ಲ. ಪುಸ್ತಕವೇ ಅಜ್ಜಿ. ಹಾಗಾಗಿ ಆ ಪುಸ್ತಕ ಎಷ್ಟು ಬಿಡಿಸಿ ಹೇಳುತ್ತದೆ, ಅದು ಹೇಳಿದ್ದನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ನನ್ನ ಮೊದಲ ಸಲದ ಕಥೆ ಹೇಳಿಬಿಡುತ್ತೇನೆ. ಅಮೆರಿಕದ ಪುಸ್ತಕ. ಎರಡೂ ಕಾಲು ಕಪ್ ಹಿಟ್ಟು, ಒಂದು ಕಪ್ ಬೆಣ್ಣೆ, ಒಂದೂವರೆ ಕಪ್ ಸಕ್ಕರೆ. ಕಪ್ ಅಂದರೆ ಕಪ್ ಅಲ್ವಾ, ಅಂತ ಕಾಫಿ ಕುಡಿಯುವ ಕಪ್ ತೆಗೆದುಕೊಂಡೆ. ಬೆಣ್ಣೆ ಮನೆಯಲ್ಲಿ ಕಡೆದದ್ದು. ಫ್ರಿಜ್ಜಿನಲ್ಲಿ ಗಟ್ಟಿಯಾಗಿತ್ತು, ಅವಸರಕ್ಕೆ ಸ್ವಲ್ಪ ಕರಗಿಸಿದೆ. ಹನ್ನೆರಡು ಉಂಡೆ ಇಟ್ಟು ಓವನ್ ಬಾಗಿಲು ಹಾಕಿದೆ. ಎಂಟು ನಿಮಿಷ ಬಿಟ್ಟು ಗಾಜಿನಲ್ಲಿ ಇಣುಕಿದರೆ ಹನ್ನೆರಡೂ ಸೇರಿ ಒಂದೇ ದೋಸೆ. ಅಂಚು ಕಪ್ಪು, ನಡುವೆ ಹಸಿ. ಮಕ್ಕಳು ಸೌಟಿನಲ್ಲಿ ಎಬ್ಬಿಸಿಕೊಂಡು ತಿಂದರು ಅನ್ನೋದು ಬೇರೆ ಮಾತು. ಅವತ್ತು ನಾನು ಮಾಡಿದ ತಪ್ಪು ಒಂದಲ್ಲ, ಮೂರು. ಒಂದೊಂದಾಗಿ ಬಿಡಿಸುತ್ತೇನೆ.

ಕಪ್ಪಿನ ತಾಪತ್ರಯ

ಅಮೆರಿಕದ ಮನೆಗಳಲ್ಲಿ ಅಳೆಯುವುದು ಕಪ್ಪಿನಲ್ಲಿ, ಜರ್ಮನಿಯಲ್ಲಿ ತೂಕದಲ್ಲಿ. ಅಮೆರಿಕದ ಅಡುಗೆಮನೆಗಳಿಗೆ ಕಪ್ ಮತ್ತು ಚಮಚವನ್ನು ಕಟ್ಟುನಿಟ್ಟಾಗಿ ಕಲಿಸಿದ್ದು ಬಾಸ್ಟನ್ನಿನ ಅಡುಗೆ ಶಾಲೆಯ ಮುಖ್ಯಸ್ಥೆ ಫ್ಯಾನಿ ಫಾರ್ಮರ್. 1896ರಲ್ಲಿ ಬಂದ ಅವರ ಪುಸ್ತಕ 'ಒಂದು ಹಿಡಿ', 'ಗೋಲಿ ಗಾತ್ರ' ಮುಂತಾದ ಅಂದಾಜಿನ ಮಾತು ಬಿಟ್ಟು, ಚಾಕುವಿನ ಬೆನ್ನಿನಿಂದ ಮೇಲೆ ಸವರಿದ ಸಮತಟ್ಟು ಅಳತೆ ಹೇಳಿತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ.

ಆದರೆ ಹಿಟ್ಟು ನೀರಿನಂತಲ್ಲ. ಡಬ್ಬಿಯಲ್ಲಿರುವ ಮೈದಾವನ್ನು ಕಪ್ಪಿನಲ್ಲಿ ತೋಡಿ ತೆಗೆದರೆ 150 ಗ್ರಾಮಿನವರೆಗೂ ಹಿಡಿಯುತ್ತದೆ. ಅದೇ ಮೈದಾವನ್ನು ಜರಡಿ ಹಿಡಿದು, ಚಮಚದಲ್ಲಿ ಹಗುರವಾಗಿ ತುಂಬಿ ಸವರಿದರೆ 120 ಗ್ರಾಮ್. ಕಪ್ಪಿಗೆ 30 ಗ್ರಾಮ್ ವ್ಯತ್ಯಾಸ. ನಾಲ್ಕು ಕಪ್ಪಿಗೆ ಒಂದು ಕಪ್ಪೇ ಹೆಚ್ಚುಕಮ್ಮಿ ಆದಂತೆ! ಅಮೆರಿಕದ ಕಪ್ ಸುಮಾರು 237 ಮಿಲಿಲೀಟರ್. ನಮ್ಮ ಅಂಗಡಿಯಲ್ಲಿ ಸಿಗುವ ಅಳತೆ ಕಪ್ಪುಗಳು 240 ಇರುತ್ತವೆ, ಕೆಲವು 250. ನನ್ನ ಕಾಫಿ ಕಪ್ 150. ಹಾಗಾದರೆ ಎಲ್ಲವೂ ಅದೇ ಪ್ರಮಾಣದಲ್ಲಿ ಕಮ್ಮಿ ಆಯಿತಲ್ಲ, ತೊಂದರೆ ಏನು ಅಂತ ಕೇಳಬಹುದು. ತೊಂದರೆ ಮೊಟ್ಟೆಯದ್ದು. ಪುಸ್ತಕ ಎರಡು ಮೊಟ್ಟೆ ಎಂದಿತ್ತು. ಹಿಟ್ಟು ಕಮ್ಮಿ ಆದರೂ ಮೊಟ್ಟೆ ಎರಡೇ ಹಾಕಿದೆ. ಹಿಟ್ಟು ನೀರಾಯಿತು.

ಇದಕ್ಕೆಲ್ಲ ಒಂದೇ ಮದ್ದು, ಗ್ರಾಮ್ ತೋರಿಸುವ ಡಿಜಿಟಲ್ ತಕ್ಕಡಿ. ಕುಕೀ ಮಾಡಲು ಒಂದೇ ಒಂದು ಸಾಮಾನು ಕೊಳ್ಳುತ್ತೇನೆ ಎಂದರೆ ಅಚ್ಚುಗಳನ್ನೂ ಬಿಟ್ಟು ಮೊದಲು ಇದನ್ನು ಕೊಳ್ಳಿ.

ಬೇರೆ ದೇಶದ ಪುಸ್ತಕ ಓದುವಾಗ ಕೆಲವು ಮಾತು ತಿಳಿದಿದ್ದರೆ ಒಳ್ಳೆಯದು. ಅಮೆರಿಕದ ಪುಸ್ತಕದಲ್ಲಿ ಒಂದು 'ಸ್ಟಿಕ್' ಬೆಣ್ಣೆ ಅಂದರೆ 113 ಗ್ರಾಮ್. 350 ಡಿಗ್ರಿ ಎಂದಿದ್ದರೆ ಗಾಬರಿ ಬೇಡ, ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 175ರಿಂದ 180 ಡಿಗ್ರಿ ಸೆಲ್ಸಿಯಸ್. ಜರ್ಮನ್ ಪುಸ್ತಕದಲ್ಲಿ 'ಒಂದು ಪೊಟ್ಟಣ ಬೇಕಿಂಗ್ ಪೌಡರ್' ಅಂತಿರುತ್ತದೆ. ಎಷ್ಟು ದೊಡ್ಡ ಪೊಟ್ಟಣ? ಬೀಲೆಫೆಲ್ಡ್ ಊರಿನ ಔಷಧಿ ಅಂಗಡಿಯ ಆಗಸ್ಟ್ ಓಟ್ಕರ್ 1890ರ ದಶಕದಲ್ಲಿ ಅರ್ಧ ಕಿಲೋ ಹಿಟ್ಟಿಗೆ ಸರಿಯಾಗುವಷ್ಟು ಬೇಕಿಂಗ್ ಪೌಡರನ್ನು ಅಳೆದು ಪುಟ್ಟ ಪೊಟ್ಟಣ ಕಟ್ಟಿ ಮಾರಿದರು. ಇವತ್ತಿಗೂ ಅಲ್ಲಿ ಅದೇ ಲೆಕ್ಕ, ಪೊಟ್ಟಣದಲ್ಲಿ ಸುಮಾರು 15 ಗ್ರಾಮ್. ವೆನಿಲಾ ಸಕ್ಕರೆ ಪೊಟ್ಟಣ ಅಂದರೆ 8 ಗ್ರಾಮ್. ಇನ್ನು '405 ನಂಬರ್ ಹಿಟ್ಟು' ಅಂತ ಬರೆದಿದ್ದರೆ ಅದು ನಮ್ಮ ಮೈದಾಕ್ಕೆ ಹತ್ತಿರದ್ದು. ನೂರು ಗ್ರಾಮ್ ಹಿಟ್ಟು ಪೂರ್ತಿ ಸುಟ್ಟರೆ ಎಷ್ಟು ಮಿಲಿಗ್ರಾಮ್ ಬೂದಿ ಉಳಿಯುತ್ತದೆ ಅನ್ನೋದೇ ಆ ನಂಬರ್. ತೌಡು ಜಾಸ್ತಿ ಇದ್ದಷ್ಟೂ ಬೂದಿ ಜಾಸ್ತಿ, ನಂಬರ್ ಜಾಸ್ತಿ.

ರೆಸಿಪಿ ಓದುವ ಒಂದು ಉಪಾಯ

ಗ್ರಾಮಿಗೆ ಬಂದ ಮೇಲೆ ಒಂದು ಚಿಕ್ಕ ಲೆಕ್ಕ ಹಾಕಬಹುದು. ನೂರು ಗ್ರಾಮ್ ಹಿಟ್ಟಿಗೆ ಬೆಣ್ಣೆ ಎಷ್ಟು, ಸಕ್ಕರೆ ಎಷ್ಟು? ಇಷ್ಟು ಗೊತ್ತಾದರೆ ಓವನ್ ಹಚ್ಚುವ ಮೊದಲೇ ಕುಕೀ ಹೇಗೆ ಬರುತ್ತದೆ ಅಂತ ಸುಮಾರಾಗಿ ಹೇಳಬಹುದು.

ಸಿಮನ್ಸ್ ಅವರ 1796ರ ಕುಕೀಗೆ ನೂರಕ್ಕೆ 33 ಗ್ರಾಮ್ ಬೆಣ್ಣೆ, 50 ಗ್ರಾಮ್ ಸಕ್ಕರೆ. ಬೆಣ್ಣೆ ಬಹಳ ಕಮ್ಮಿ. ಅದಕ್ಕೇ ಮುಕ್ಕಾಲು ಇಂಚು ದಪ್ಪ ಲಟ್ಟಿಸಿದರೂ ಆಕಾರ ಕೆಡುವುದಿಲ್ಲ. ಅದಕ್ಕೇ ಮೊದಲಿಗೆ ಹಲ್ಲು ಮುರಿಯುವಷ್ಟು ಗಟ್ಟಿ.

ನಾನು ದೋಸೆ ಮಾಡಿದ ಅಮೆರಿಕದ ಚಾಕೊಲೇಟ್ ಚಿಪ್ ಕುಕೀ ನೋಡಿ. ಹಿಟ್ಟು 280 ಗ್ರಾಮ್, ಬೆಣ್ಣೆ 225, ಸಕ್ಕರೆ 300ರ ಹತ್ತಿರ. ನೂರಕ್ಕೆ ಬೆಣ್ಣೆ 80, ಸಕ್ಕರೆ 107. ಹಿಟ್ಟಿಗಿಂತ ಸಕ್ಕರೆಯೇ ಜಾಸ್ತಿ!

ಈಗ ಜರ್ಮನಿ, ಆಸ್ಟ್ರಿಯಾದ ಮನೆಮನೆಯಲ್ಲಿ ಡಿಸೆಂಬರಿನಲ್ಲಿ ಮಾಡುವ ವೆನಿಲಾ ಕಿಪ್ಫರ್ಲ್. ಬಾಲಚಂದ್ರನ ಆಕಾರದ, ಬಾಯಲ್ಲಿಟ್ಟರೆ ಕರಗುವ ಬಾದಾಮಿ ಕುಕೀ. ಹಿಟ್ಟು 250, ಬೆಣ್ಣೆ 200, ಸಕ್ಕರೆ 80. ನೂರಕ್ಕೆ ಬೆಣ್ಣೆ 80, ಸಕ್ಕರೆ 32. ಬೆಣ್ಣೆ ಚಾಕೊಲೇಟ್ ಚಿಪ್ಪಿನಷ್ಟೇ ಇದೆ. ಆದರೂ ಇದು ಹರಡುವುದಿಲ್ಲ. ಬಾಗಿಸಿಟ್ಟ ಚಂದ್ರ ಚಂದ್ರನಾಗಿಯೇ ಹೊರಬರುತ್ತದೆ.

ಹಾಗಾದರೆ ಹರಡಿಸುವುದು ಬೆಣ್ಣೆ ಒಂದೇ ಅಲ್ಲ, ಸಕ್ಕರೆಯೂ ಹೌದು. ಸಕ್ಕರೆ ಹಿಟ್ಟಿನಲ್ಲಿರುವಾಗ ಪುಡಿಯಂತೆ ಕಂಡರೂ ಶಾಖ ತಗುಲಿದಾಗ ಅಲ್ಲಿರುವ ನೀರಿನಲ್ಲಿ ಕರಗಿ ಪಾಕವಾಗುತ್ತದೆ. ಜಾಸ್ತಿ ಸಕ್ಕರೆ ಅಂದರೆ ಜಾಸ್ತಿ ಪಾಕ, ಜಾಸ್ತಿ ಹರಿವು. ಮೊಟ್ಟೆ ಸೇರಿದರೆ ಆ ಕರಗುವಿಕೆಗೆ ಬೇಕಾದ ನೀರೂ ಸಿಗುತ್ತದೆ. ಕಿಪ್ಫರ್ಲ್‌ನಲ್ಲಿ ಸಕ್ಕರೆ ಕಮ್ಮಿ, ಮೊಟ್ಟೆ ಇಲ್ಲ, ಮೇಲಿಂದ ಎಣ್ಣೆ ಹಿಡಿದಿಡಲು ಬಾದಾಮಿ ಪುಡಿ ಇದೆ. ನಕ್ಷತ್ರ, ಗಂಟೆ, ಮರ ಅಂತ ಅಚ್ಚಿನಲ್ಲಿ ಕತ್ತರಿಸುವ ಕುಕೀಗಳಿಗೆ ಸಾಮಾನ್ಯವಾಗಿ ನೂರಕ್ಕೆ 50-60 ಬೆಣ್ಣೆ, ಅಷ್ಟೇ ಆಸುಪಾಸು ಸಕ್ಕರೆ. ಅಚ್ಚಿನ ಕುಕೀಗೆ ನೂರಕ್ಕೆ ನೂರು ಸಕ್ಕರೆ ಹೇಳುವ ಪುಸ್ತಕ ಕಂಡರೆ ನಾನು ಪುಟ ತಿರುಗಿಸಿಬಿಡುತ್ತೇನೆ.

ಬಾಗಿಲು ಹಾಕಿದ ಮೇಲೆ

ಓವನ್ 175ಕ್ಕೆ ಕಾದಿದೆ, ಟ್ರೇ ಒಳಗೆ ಹೋಯಿತು ಎನ್ನಿ. ಮೊದಲ ಎರಡು ಮೂರು ನಿಮಿಷ ನೋಡಲು ಏನೂ ಇಲ್ಲ. ಆದರೆ ಒಳಗೆ ಬೆಣ್ಣೆ ಸೋಲುತ್ತಿರುತ್ತದೆ. ಬೆಣ್ಣೆ ಪೂರ್ತಿ ಕರಗಲು 35 ಡಿಗ್ರಿ ಸಾಕು, ಅಂದರೆ ನಮ್ಮ ಮೈ ಬಿಸಿಗಿಂತಲೂ ಕಮ್ಮಿ. ಆಮೇಲೆ ಹಿಟ್ಟು ಸಡಿಲವಾಗಿ, ಉಂಡೆಯ ಬುಡ ಅಗಲವಾಗುತ್ತದೆ. ಸಕ್ಕರೆ ಪಾಕವಾಗುತ್ತದೆ. ಬೇಕಿಂಗ್ ಪೌಡರ್ ಇದ್ದರೆ ಗಾಳಿ ಗುಳ್ಳೆಗಳು ದೊಡ್ಡದಾಗುತ್ತವೆ. ಇನ್ನೂ ಬಿಸಿ ಏರಿದಾಗ ಮೊಟ್ಟೆ ಗಟ್ಟಿಯಾಗುತ್ತದೆ, ಬೆಣ್ಣೆಯೊಳಗಿನ ನೀರು ಆವಿಯಾಗಿ ಹೊರಡುತ್ತದೆ. ಮನೆ ತುಂಬ ಆ ವಾಸನೆ ಬರುವುದು ಆಗ. ಕೊನೆಗೆ ಅಂಚು ಒಣಗಿ ಕೆಂಪಾಗುತ್ತದೆ.

ಇಲ್ಲಿ ಒಂದು ಓಟದ ಪಂದ್ಯ ನಡೆಯುತ್ತಿದೆ. ಬೆಣ್ಣೆ ಕರಗಿ ಹರಿಯುವುದು ಒಂದು ಕಡೆ, ಅಂಚು ಗಟ್ಟಿಯಾಗಿ ಬೇಲಿ ಹಾಕುವುದು ಇನ್ನೊಂದು ಕಡೆ. ಬೇಲಿ ಬೇಗ ಬಿದ್ದರೆ ಕುಕೀ ದಪ್ಪ. ಬೆಣ್ಣೆ ಮೊದಲು ಓಡಿದರೆ ದೋಸೆ.

ಪುಸ್ತಕ 'ಹಿಟ್ಟನ್ನು ಒಂದು ಗಂಟೆ ಫ್ರಿಜ್ಜಿನಲ್ಲಿಡಿ' ಅಂತ ಹೇಳುವುದು ಇದಕ್ಕೇ. ತಣ್ಣಗಿನ ಬೆಣ್ಣೆ ಕರಗಲು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ಅಂಚು ಗಟ್ಟಿಯಾಗುತ್ತದೆ. ಅವಸರದವರು ಹಾರಿಸುವ ಮೊದಲ ಸಾಲೂ ಇದೇ. ಚಳಿಗಾಲದ ಮ್ಯೂನಿಕ್‌ನಲ್ಲಿ ಹಾರಿಸಿದರೂ ನಡೆದೀತು. ಡಿಸೆಂಬರಿನಲ್ಲೂ ಮಧ್ಯಾಹ್ನ ಮೂವತ್ತು ದಾಟುವ ಮಂಗಳೂರಿನಲ್ಲಿ ನಡೆಯುವುದಿಲ್ಲ. ಇನ್ನೊಂದು, ಟ್ರೇ. ಮೊದಲ ಸರದಿ ತೆಗೆದ ಬಿಸಿ ಟ್ರೇ ಮೇಲೆ ಎರಡನೇ ಸರದಿ ಇಟ್ಟರೆ ಓವನ್ನಿಗೆ ಹೋಗುವ ಮೊದಲೇ ಬುಡ ಕರಗಿರುತ್ತದೆ. ಟ್ರೇಯನ್ನು ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿ ಒರೆಸಿಕೊಳ್ಳಿ.

ನನ್ನ ಎರಡನೇ ತಪ್ಪು ಬೆಣ್ಣೆ ಕರಗಿಸಿದ್ದು. 'ಬೆಣ್ಣೆ ರೂಮಿನ ಬಿಸಿಗೆ ಬರಲಿ' ಅಂತ ಪುಸ್ತಕ ಹೇಳುವಾಗ ಅವರ ರೂಮು 20 ಡಿಗ್ರಿ. ಆ ಹದದ ಬೆಣ್ಣೆ ಬೆರಳಿಟ್ಟರೆ ಗುಳಿ ಬೀಳುತ್ತದೆ, ಆದರೆ ಬೆರಳು ಜಿಡ್ಡಾಗಿ ಹೊಳೆಯುವುದಿಲ್ಲ. ಅದನ್ನು ಸಕ್ಕರೆ ಜೊತೆ ಉಜ್ಜಿದಾಗ ಸಕ್ಕರೆ ಹರಳಿನ ಮೊನೆಗಳು ಬೆಣ್ಣೆಯಲ್ಲಿ ಸಣ್ಣ ಸಣ್ಣ ಗಾಳಿ ಗೂಡು ಮಾಡುತ್ತವೆ. ಬಣ್ಣ ಬೆಳ್ಳಗಾಗುತ್ತದೆ, ನೋಡಿದರೆ ಗೊತ್ತಾಗುತ್ತದೆ. ಬೇಕಿಂಗ್ ಪೌಡರ್ ಹೊಸ ಗುಳ್ಳೆ ಮಾಡುವುದಿಲ್ಲ, ಈ ಗೂಡುಗಳನ್ನೇ ಊದಿಸುತ್ತದೆ. ಕರಗಿದ ಬೆಣ್ಣೆಯಲ್ಲಿ ಗೂಡು ನಿಲ್ಲುವುದಿಲ್ಲ. ನಮ್ಮ ಸಕ್ಕರೆ ಹರಳು ದಪ್ಪ, ಬೇಗ ಕರಗುವುದೂ ಇಲ್ಲ. ಮಿಕ್ಸಿಯಲ್ಲಿ ಎರಡು ಸುತ್ತು ತಿರುಗಿಸಿ ರವೆಯಷ್ಟು ಮಾಡಿಕೊಂಡರೆ ಸರಿ.

ಮೂರನೆಯದು ಕಡೆದ ಬೆಣ್ಣೆ. ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ನಮ್ಮ ಕಾನೂನಿನ ಪ್ರಕಾರ ಕೊಬ್ಬು 80 ಭಾಗಕ್ಕೆ ಕಮ್ಮಿ ಇರಬಾರದು, ನೀರು 16 ದಾಟಬಾರದು. ಮನೆಯಲ್ಲಿ ಕಡೆದು ಸರಿಯಾಗಿ ಹಿಂಡದ ಬೆಣ್ಣೆಯಲ್ಲಿ ನೀರು ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ರೊಟ್ಟಿಗೆ ಅದರ ಸಮ ಯಾವುದೂ ಇಲ್ಲ, ಕುಕೀಗೆ ಬೇಡ. ಪ್ಯಾಕೆಟ್ ಕೊಳ್ಳುವಾಗ ಉಪ್ಪಿಲ್ಲದ್ದು ನೋಡಿ. ಟೇಬಲ್ ಬಟರಿನಲ್ಲಿ ಉಪ್ಪು ಶೇ 3ರವರೆಗೂ ಇರಬಹುದು. 200 ಗ್ರಾಮಿಗೆ 6 ಗ್ರಾಮ್, ಹತ್ತಿರ ಹತ್ತಿರ ಒಂದು ಟೀ ಚಮಚ ಉಪ್ಪು. ಬೇರೇನೂ ಸಿಗದಿದ್ದರೆ ತುಪ್ಪ ಹಾಕಬಹುದು. 200 ಗ್ರಾಮ್ ಬೆಣ್ಣೆಯ ಬದಲು 160 ಗ್ರಾಮ್ ತುಪ್ಪ, ನೀರಿನ ಪಾಲಿಗೆ ಎರಡು ಮೂರು ಚಮಚ ಹಾಲು.

ಜಿಂಕೆ ಕೊಂಬು, ಮರದ ಅಚ್ಚು, ಕಾಳುಮೆಣಸು

ಜರ್ಮನಿಯ ಹಳೆಯ ರೆಸಿಪಿಗಳಲ್ಲಿ ಇನ್ನೂ ವಿಚಿತ್ರ ಸಾಮಾನು ಸಿಗುತ್ತವೆ. ಅದರಲ್ಲಿ ಒಂದರ ಹೆಸರು 'ಜಿಂಕೆ ಕೊಂಬಿನ ಉಪ್ಪು'. ಹಿಂದೆ ನಿಜಕ್ಕೂ ಕೊಂಬನ್ನು ಕಾಸಿ ತೆಗೆಯುತ್ತಿದ್ದರಂತೆ. ಈಗ ಅದು ಅಮೋನಿಯಂ ಬೈಕಾರ್ಬೊನೇಟ್. ಬಿಸಿಯಾದರೆ ಪೂರ್ತಿ ಗಾಳಿಯಾಗಿ ಹೋಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಕುಕೀ ಗರಿಗರಿ ಆಗುತ್ತದೆ. ಆದರೆ ಬೇಯುವಾಗ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ. ತೆಳು ಕುಕೀಯಿಂದ ಆ ವಾಸನೆ ಹೊರಟುಹೋಗುತ್ತದೆ, ದಪ್ಪ ಕೇಕಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಕೇಕಿಗೆ ಹಾಕುವುದಿಲ್ಲ. ಇದೇನೋ ದೂರದ ವಸ್ತು ಅಂದುಕೊಳ್ಳಬೇಡಿ. ಮನೆಯಲ್ಲಿರುವ ಬಿಸ್ಕತ್ ಪ್ಯಾಕೆಟ್ ತಿರುಗಿಸಿ, ಉಬ್ಬಿಸುವ ಪದಾರ್ಥ ಅಂತ ಇರುವ ಕಡೆ 503 ನಂಬರ್ ಕಂಡರೆ ಇದೇ ಅದು. ಪಕ್ಕದಲ್ಲಿ 500 ಇದ್ದರೆ ಅಡುಗೆ ಸೋಡಾ.

ದಕ್ಷಿಣ ಜರ್ಮನಿಯ ಶ್ವಾಬೆನ್ ಕಡೆ 'ಸ್ಪ್ರಿಂಗರ್ಲೆ' ಅಂತ ಮಾಡುತ್ತಾರೆ. ನನಗೆ ಇದನ್ನು ಮೊದಲು ಚಿತ್ರದಲ್ಲಿ ನೋಡಿದಾಗ ನೆನಪಾದದ್ದು ಸಂಕ್ರಾಂತಿಯ ಸಕ್ಕರೆ ಅಚ್ಚು. ಹಕ್ಕಿ, ಕುದುರೆ, ಹೂವು ಕೆತ್ತಿದ ಮರದ ಅಚ್ಚು, ಅದರಲ್ಲಿ ಒತ್ತಿ ತೆಗೆದ ಬಿಳಿ ಬಿಳಿ ಗೊಂಬೆ. ನಮ್ಮದು ಸಕ್ಕರೆ ಪಾಕ ಹೊಯ್ದದ್ದು, ಅವರದು ಮೊಟ್ಟೆ, ಸಕ್ಕರೆ ಪುಡಿ, ಹಿಟ್ಟು, ಸೋಂಪಿನ ಪರಿಮಳದ ಅನಿಸ್ ಬೀಜ. ಒತ್ತಿದ ಮೇಲೆ ಒಂದು ದಿನ ಪೂರ್ತಿ ಹಾಗೇ ಒಣಗಲು ಬಿಡುತ್ತಾರೆ. ಯಾಕೆ? ಮೇಲಿನ ಪದರ ಒಣಗಿ ಚರ್ಮ ಕಟ್ಟುತ್ತದೆ. ಓವನ್ನಿನಲ್ಲಿ ಹಿಟ್ಟು ಉಬ್ಬಿದಾಗ ಆ ಚರ್ಮ ಬಿಡುವುದಿಲ್ಲ, ಚಿತ್ರ ಕೆಡುವುದಿಲ್ಲ. ಉಬ್ಬಲು ಜಾಗ ಇರುವುದು ಬುಡದಲ್ಲಿ ಮಾತ್ರ. ಹಾಗಾಗಿ ಕುಕೀ ನೆಟ್ಟಗೆ ಮೇಲೇಳುತ್ತದೆ, ಕೆಳಗೆ ಸುತ್ತಲೂ ಒಂದು ಪುಟ್ಟ ಅಂಚು ಬರುತ್ತದೆ. ಅವರು ಅದನ್ನು 'ಕಾಲು' ಎನ್ನುತ್ತಾರೆ. ಕಾಲು ಸಮವಾಗಿ ಬಂದರೆ ಮಾಡಿದವಳ ಕೈ ಒಳ್ಳೆಯದು ಅಂತ.

ನ್ಯೂರೆಂಬರ್ಗಿನ ಲೇಬ್‌ಕೂಖನ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಜೇನು, ಬೀಜಗಳು, ಮಸಾಲೆ ಸೇರಿದ ಮೆತ್ತನೆಯ ಕುಕೀ. ಆ ಊರು ವ್ಯಾಪಾರದ ದಾರಿಗಳು ಕೂಡುವ ಜಾಗದಲ್ಲಿತ್ತು, ಮಸಾಲೆ ಬರುತ್ತಿತ್ತು. ಸುತ್ತಲಿನ ಕಾಡಿನಲ್ಲಿ ಜೇನು ಬೇಕಾದಷ್ಟಿತ್ತು. 'ಎಲಿಸನ್' ಎನ್ನುವ ಉತ್ತಮ ಜಾತಿಗೆ ಅಲ್ಲಿ ನಿಯಮವೇ ಇದೆ. ಬಾದಾಮಿ, ಹೇಝಲ್‌ನಟ್, ಅಕ್ರೋಟ್ ಸೇರಿ ಕಮ್ಮಿ ಅಂದರೂ ಶೇ 25 ಇರಬೇಕು, ಹಿಟ್ಟು ಶೇ 10 ದಾಟಬಾರದು. 1996ರಿಂದ 'ನ್ಯೂರೆಂಬರ್ಗಿನ ಲೇಬ್‌ಕೂಖನ್' ಅನ್ನೋ ಹೆಸರಿಗೆ ಯುರೋಪಿನ ಭೌಗೋಳಿಕ ರಕ್ಷಣೆಯೂ ಇದೆ, ನಮ್ಮ ಮೈಸೂರು ಮಲ್ಲಿಗೆಗೆ ಇರುವಂತೆ.

ಇದೇ ಬಳಗದ ಇನ್ನೊಂದು ಹೆಸರು 'ಮೆಣಸಿನ ಕೇಕ್'. ಹಳೆಯ ಕಾಲದಲ್ಲಿ ಅವರಿಗೆ ಹಡಗಿನಲ್ಲಿ ಬಂದ ಮಸಾಲೆ ಎಲ್ಲಕ್ಕೂ ಮೆಣಸು ಅನ್ನೋದೇ ಹೆಸರು. ಲವಂಗ, ಏಲಕ್ಕಿ, ಶುಂಠಿ, ಜಾಯಿಕಾಯಿ, ಎಲ್ಲ. ಆ ಕಾಲದ ಮೆಣಸು ಹೊರಡುತ್ತಿದ್ದದ್ದು ನಮ್ಮ ಪಡುವಣ ಕರಾವಳಿಯಿಂದ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದದ್ದು ಸುಮ್ನೆ ಅಲ್ಲ. ಡಿಸೆಂಬರ್ ಬಂದರೆ ಅಂಗಡಿಗಳಲ್ಲಿ ವಿದೇಶಿ 'ಕುಕೀ ಮಸಾಲೆ'ಯ ಪುಟ್ಟ ಡಬ್ಬಿ ಬರುತ್ತದೆ, ಬೆಲೆ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಒಳಗಿರುವುದು ನಮ್ಮ ಮಸಾಲೆ ಡಬ್ಬಿಯದ್ದೇ. ಚಕ್ಕೆ ಜಾಸ್ತಿ, ಲವಂಗ, ಏಲಕ್ಕಿ, ಒಣಶುಂಠಿ, ಜಾಯಿಕಾಯಿ ಸ್ವಲ್ಪ ಸ್ವಲ್ಪ, ಚಿಟಿಕೆ ಕೊತ್ತಂಬರಿ ಬೀಜ. ಹುರಿಯದೆ ಪುಡಿ ಮಾಡಿ. ಹುರಿದರೆ ಸಾರಿನ ಕಡೆಗೆ ಹೋಗುತ್ತದೆ.

ಮೊದಲ ಸಲಕ್ಕೆ ಕಿಪ್ಫರ್ಲ್

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಕಿಪ್ಫರ್ಲ್. ಮೊಟ್ಟೆ ಬೇಡ, ಸೋಡಾ ಬೇಡ, ಅಚ್ಚು ಬೇಡ. ಕೆಡಲು ದಾರಿಗಳು ಕಮ್ಮಿ.

100 ಗ್ರಾಮ್ ಬಾದಾಮಿಯನ್ನು ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ ಪುಡಿ ಮಾಡಿ. ಒಂದೇ ಸಮ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಂದು ಚಮಚ ಮೈದಾ ಸೇರಿಸಿ ತಿರುಗಿಸಿದರೆ ಆ ಭಯ ಇಲ್ಲ. 250 ಗ್ರಾಮ್ ಮೈದಾ, 80 ಗ್ರಾಮ್ ಸಕ್ಕರೆ ಪುಡಿ, ಚಿಟಿಕೆ ಉಪ್ಪು ಸೇರಿಸಿ. 200 ಗ್ರಾಮ್ ಬೆಣ್ಣೆಯನ್ನು ತಣ್ಣಗಿರುವಾಗಲೇ ಚಿಕ್ಕ ಚೂರು ಮಾಡಿ ಹಾಕಿ. ಇಲ್ಲಿ ಬೆಣ್ಣೆ ಉಜ್ಜುವ ಕೆಲಸ ಇಲ್ಲ, ನಮಗೆ ಗಾಳಿ ಬೇಡ. ಬೆರಳ ತುದಿಯಲ್ಲಿ ಹಿಟ್ಟಿಗೆ ತಿಕ್ಕಿ. ಮೊದಲು ರವೆಯಂತಾಗುತ್ತದೆ, ಆಮೇಲೆ ಒದ್ದೆ ಮರಳಿನಂತೆ, ಆಮೇಲೆ ಹಿಡಿದರೆ ಉಂಡೆ ನಿಲ್ಲುತ್ತದೆ. ನಿಂತ ಕ್ಷಣವೇ ಕೈ ತೆಗೆಯಿರಿ. ಚಪಾತಿ ಹಿಟ್ಟಿನ ಅಭ್ಯಾಸದಲ್ಲಿ ನಾದುತ್ತ ಹೋದರೆ ಮೈದಾದ ಜಿಗುಟು ಎದ್ದು ಕುಕೀ ಬಿರುಸಾಗುತ್ತದೆ. ನೀರು ಹಾಕಬೇಕು ಅನಿಸುತ್ತದೆ, ಹಾಕಬೇಡಿ.

ಮುಚ್ಚಿ ಒಂದು ಗಂಟೆ ಫ್ರಿಜ್. ಆಮೇಲೆ ನಿಂಬೆಹಣ್ಣಿಗಿಂತ ಚಿಕ್ಕ ಚೂರು ತೆಗೆದು, ಚಕ್ಕುಲಿ ಎಳೆಗಿಂತ ದಪ್ಪ ಬತ್ತಿ ಮಾಡಿ, ತುದಿಗಳನ್ನು ಮಾತ್ರ ಚೂಪು ಮಾಡಿ ಬಾಗಿಸಿ. ತುದಿ ಜಾಸ್ತಿ ತೆಳುವಾದರೆ ಅದೇ ಮೊದಲು ಸೀಯುತ್ತದೆ. ಟ್ರೇಗೆ ಬೇಕಿಂಗ್ ಪೇಪರ್ ಹಾಸಿ. ಅಂಗಡಿಯಲ್ಲಿ 'ಬಟರ್ ಪೇಪರ್' ಅಂತ ಕೊಡುವುದೆಲ್ಲ ಓವನ್ನಿಗೆ ಆಗುವುದಿಲ್ಲ. ಕೆಲವು ಬರೀ ಮೇಣದ ಕಾಗದ, ಹೊಗೆ ಬರುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿದೆಯೋ ನೋಡಿ ತನ್ನಿ.

175 ಡಿಗ್ರಿ, 12ರಿಂದ 15 ನಿಮಿಷ. ಇವು ಕೆಂಪಾಗಬಾರದು. ತುದಿ ಮಾತ್ರ ಹೊಂಬಣ್ಣಕ್ಕೆ ತಿರುಗಿದಾಗ ತೆಗೆಯಿರಿ. ಮುಟ್ಟಿದರೆ ಇನ್ನೂ ಮೆತ್ತಗಿರುತ್ತವೆ, ಬೆಂದಿಲ್ಲ ಅಂತ ಮತ್ತೆ ಒಳಗೆ ತಳ್ಳಬೇಡಿ. ಬೆಣ್ಣೆ ತಣ್ಣಗಾದಾಗ ತಾನೇ ಗಟ್ಟಿಯಾಗುತ್ತದೆ. ಎರಡು ಮೂರು ನಿಮಿಷ ಮುಟ್ಟದೆ ಬಿಟ್ಟು, ಬಿಸಿ ಇರುವಾಗಲೇ ವೆನಿಲಾ ಬೆರೆಸಿದ ಸಕ್ಕರೆ ಪುಡಿಯಲ್ಲಿ ಮೆಲ್ಲಗೆ ಹೊರಳಿಸಿ. ಪೂರ್ತಿ ಆರಿದ ಮೇಲೆ ಸಕ್ಕರೆ ಹಿಡಿಯುವುದಿಲ್ಲ, ಉದುರುತ್ತದೆ. ತೀರಾ ಬಿಸಿಯಲ್ಲಿ ಎತ್ತಿದರೆ ಚಂದ್ರ ಎರಡು ತುಂಡು. ಆ ತುಂಡುಗಳು ಮಾಡಿದವರ ಪಾಲು, ಲೆಕ್ಕಕ್ಕೆ ಬರುವುದಿಲ್ಲ.

ಒಂದು ಮಾತು ಓವನ್ ಬಗ್ಗೆ. ಮನೆಯ ಚಿಕ್ಕ ಓಟಿಜಿಗಳ, ಅಂದರೆ ಮೇಜಿನ ಮೇಲಿಡುವ ಕರೆಂಟ್ ಓವನ್‌ಗಳ ಗುಂಡಿ 175 ತೋರಿಸಿದರೆ ಒಳಗೆ 175 ಇದೆ ಅಂತ ನಂಬಬೇಡಿ. ನಮ್ಮ ಮನೆಯದು ಇಪ್ಪತ್ತು ಡಿಗ್ರಿ ಜಾಸ್ತಿ. ಕೆಲವು ನೂರು ರೂಪಾಯಿಗೆ ಓವನ್ ಥರ್ಮಾಮೀಟರ್ ಸಿಗುತ್ತದೆ, ಒಳಗೆ ತಂತಿಗೆ ನೇತುಹಾಕಿದರೆ ನಿಜ ಗೊತ್ತಾಗುತ್ತದೆ. ಫ್ಯಾನ್ ಇರುವ ಓವನ್ ಆದರೆ ಪುಸ್ತಕ ಹೇಳಿದ್ದಕ್ಕಿಂತ 20 ಡಿಗ್ರಿ ಕಮ್ಮಿ ಇಡಿ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯದೆ ಕಾಯಿರಿ, ಅರ್ಧಕ್ಕರ್ಧ ಸಲ ಒಳಗಿನ ಬಿಸಿಗೇ ಬೆಂದಿರುತ್ತದೆ.

ಯಾವ ಪುಸ್ತಕ?

ನಾನು ಅಂಗಡಿಯಲ್ಲಿ ಬೇಕಿಂಗ್ ಪುಸ್ತಕ ಕೈಗೆತ್ತಿಕೊಂಡರೆ ಚಿತ್ರ ನೋಡುವುದಿಲ್ಲ. ಗ್ರಾಮ್ ಇದೆಯಾ ನೋಡುತ್ತೇನೆ. ಆಮೇಲೆ ಯಾವುದಾದರೂ ಒಂದು ರೆಸಿಪಿಯ ಕೊನೆಯ ಮೂರು ಸಾಲು ಓದುತ್ತೇನೆ. 'ಹನ್ನೆರಡು ನಿಮಿಷ ಬೇಯಿಸಿ' ಅಂತ ಅಲ್ಲಿಗೇ ನಿಲ್ಲಿಸಿದ್ದರೆ ವಾಪಸ್ ಇಡುತ್ತೇನೆ. 'ಅಂಚು ಹೊಂಬಣ್ಣ, ನಡುವೆ ಇನ್ನೂ ಹೊಳಪು ಇರುವಾಗ ತೆಗೆಯಿರಿ' ಅಂತ ಇದ್ದರೆ ಬರೆದವರು ಓವನ್ ಮುಂದೆ ಕೂತಿದ್ದಾರೆ ಅಂತ ಅರ್ಥ. ಕೆಟ್ಟರೆ ಯಾಕೆ ಕೆಟ್ಟಿತು ಅಂತ ಹೇಳುವ ಪುಟ ಇದ್ದರೆ ಇನ್ನೂ ಒಳ್ಳೆಯದು. ಎಷ್ಟು ದಿನ ಇಡಬಹುದು, ಹೇಗೆ ಇಡಬೇಕು ಅಂತಲೂ ಹೇಳಿರಬೇಕು. ಗರಿಗರಿ ಮತ್ತು ಮೆತ್ತನೆಯ ಕುಕೀಗಳನ್ನು ಒಂದೇ ಡಬ್ಬಿಗೆ ಹಾಕಿದರೆ ಒಂದೇ ರಾತ್ರಿಯಲ್ಲಿ ಗರಿಗರಿಯದೂ ಮೆತ್ತಗಾಗುತ್ತದೆ. ಲೇಬ್‌ಕೂಖನ್ ಡಬ್ಬಿಯಲ್ಲಿ ಜರ್ಮನ್ನರು ಒಂದು ಹೋಳು ಸೇಬು ಇಡುತ್ತಾರೆ, ಅದರ ತೇವಕ್ಕೆ ಕುಕೀ ಮೆತ್ತಗಾಗುತ್ತದೆ. ಸಿಮನ್ಸ್ ಅವರ ಮಡಕೆ ಮತ್ತು ತೇವದ ಕೋಣೆಯ ಕೆಲಸ ಇಲ್ಲಿ ಸೇಬಿನ ಹೋಳಿಗೆ.

ಪುಸ್ತಕ ಕೊಂಡ ಮೇಲೆ ಪೆನ್ಸಿಲ್ ಇಟ್ಟುಕೊಳ್ಳಿ. ನನ್ನ ಪುಸ್ತಕದ ಕಿಪ್ಫರ್ಲ್ ಪುಟದ ಅಂಚಿನಲ್ಲಿ '155ಕ್ಕೆ ಇಡು, 13 ನಿಮಿಷ, ನಡು ತಂತಿ' ಅಂತ ಬರೆದಿದೆ. ಅದು ನಮ್ಮ ಓವನ್ನಿನ ಹದ. ನಿಮ್ಮದಕ್ಕೆ ಬೇರೆ ಇರುತ್ತದೆ.

ನಮ್ಮ ಬೀದಿಯಲ್ಲಿ ಮಂಗಳೂರು ಕಡೆಯ ಕ್ಯಾಥೊಲಿಕ್ ಆಂಟಿ ಒಬ್ಬರಿದ್ದಾರೆ. ಪ್ರತಿ ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಕುಸ್ವಾರ್, ಅಂದರೆ ಅವರ ಹಬ್ಬದ ತಿಂಡಿಗಳ ತಟ್ಟೆ ಬರುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ತುಕ್ಡಿ, ಚಕ್ಕುಲಿ. ಹೆಚ್ಚಿನದು ಎಣ್ಣೆಯಲ್ಲಿ ಕರಿದದ್ದು. ಅವರ ಅಮ್ಮನ ಕಾಲದಲ್ಲಿ ಮನೆಯಲ್ಲಿ ಓವನ್ ಎಲ್ಲಿತ್ತು, ಬಾಣಲೆ ಇತ್ತು ಎನ್ನುತ್ತಾರೆ. ತಟ್ಟೆ ಖಾಲಿ ವಾಪಸ್ ಕೊಡಬಾರದಲ್ಲ, ಹೋದ ವರ್ಷ ಅದರಲ್ಲಿ ಇಪ್ಪತ್ತು ಕಿಪ್ಫರ್ಲ್ ಇಟ್ಟುಕೊಂಡು ಹೋದೆ. ಜರ್ಮನಿಯದು ಆಂಟಿ, ಆಸ್ಟ್ರಿಯಾದಲ್ಲೂ ಮಾಡ್ತಾರೆ, ಮೊಟ್ಟೆ ಹಾಕಿಲ್ಲ, ಅಂತ ಒಂದು ಚಿಕ್ಕ ಭಾಷಣವನ್ನೂ ಮಾಡಿದೆ. ಅವರು ಒಂದು ತೆಗೆದುಕೊಂಡು, ತುದಿ ಕಚ್ಚಿ, ಸೆರಗಿನ ಮೇಲೆ ಬಿದ್ದ ಸಕ್ಕರೆ ಪುಡಿ ಕೊಡವಿ, ಸ್ವಲ್ಪ ಹೊತ್ತು ಯೋಚನೆ ಮಾಡಿದರು.

"ಚೆನ್ನಾಗುಂಟು," ಎಂದರು. "ಇದು ನಾನ್‌ಖಟಾಯಿ ಅಲ್ವಾ?"